ಹಲ್ಲಿ ಕಪ್ಪೆಗೆ ಹತ್ತಿರವೋ, ಆಕಳಿಗೆ ಹತ್ತಿರವೋ?

ಶಹಾಪುರದ ಶಿಕ್ಷಕಿ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಕಪ್ಪೆ, ಹಲ್ಲಿ ಮತ್ತು ಆಕಳಿನ ಚಿತ್ರಗಳನ್ನು ಹಲಗೆಗೆ ಅಂಟಿಸಿ, ಈ ಮೂರರಲ್ಲಿ ಹತ್ತಿರದ ಸಂಬಂಧಿಗಳು ಯಾವ ಎರಡು ಎಂದು ಕೇಳಿದೆ. ಇಡೀ ತರಗತಿ ಒಂದೇ ದನಿಯಲ್ಲಿ ಕಪ್ಪೆ ಮತ್ತು ಹಲ್ಲಿ ಎಂದಿತು. ಅಲ್ಲ, ಹಲ್ಲಿ ಮತ್ತು ಆಕಳು ಎಂದಾಗ ಒಬ್ಬ ಹುಡುಗಿ ಎದ್ದು, ಹಲ್ಲಿಯೂ ಕಪ್ಪೆಯೂ ತತ್ತಿ ಇಡುವುದರಿಂದ ಅವು ಅಂಡಜಗಳು, ಆಕಳು ಮಾಸಿನೊಡನೆ ಕರು ಹಾಕುವುದರಿಂದ ಅದು ಜರಾಯುಜ, ಮನೆಯಲ್ಲಿ ಅಜ್ಜ ಹೇಳಿಕೊಟ್ಟ ಲೆಕ್ಕ ಇದು, ಇದನ್ನು ಹೇಗೆ ತಪ್ಪೆನ್ನುತ್ತೀರಿ ಎಂದು ಕೇಳಿದಳು.

ಹಲ್ಲಿ, ಹಾವು, ಆಮೆ, ಹಕ್ಕಿ, ಆಕಳು, ಮನುಷ್ಯ ಎಲ್ಲವೂ ಆಮ್ನಿಯೋಟ್ ಗುಂಪಿಗೆ ಸೇರಿದವು, ಕಪ್ಪೆ ಮತ್ತು ಮೀನು ಸೇರಿಲ್ಲ ಎಂದು ಉತ್ತರಿಸಿದೆ. ಆದರೆ ಆ ಉತ್ತರ ನನಗೇ ಹಿಡಿಸಲಿಲ್ಲ. ನನ್ನ ಬಳಿಯಿರುವ ಪುಸ್ತಕ ಈ ಗುಂಪಿನ ಗುರುತು ಗಟ್ಟಿ ಚಿಪ್ಪಿನ ತತ್ತಿ ಎಂಬಂತೆ ಬರೆದಿದೆ, ಆಕಳಿಗೆ ಚಿಪ್ಪೆಲ್ಲಿದೆ? ತಿಳಿದವರು ವಿವರಿಸಬೇಕು. ಆಮ್ನಿಯೋಟ್ ಎಂಬುದಕ್ಕೆ ಮಕ್ಕಳ ಬಾಯಿಗೆ ಒಗ್ಗುವ ಕನ್ನಡ ಮಾತಿದ್ದರೆ ಅದನ್ನೂ ತಿಳಿಸಬೇಕು.

ಬೀದರಿನ ಪಶುವೈದ್ಯ

ಮೊದಲು ಚಿಪ್ಪನ್ನು ಬದಿಗಿಡಿ. ಗುರುತು ಇರುವುದು ಚಿಪ್ಪಿನಲ್ಲಿ ಅಲ್ಲ, ಭ್ರೂಣದ ಸುತ್ತಲಿನ ಪೊರೆಗಳಲ್ಲಿ. ಆ ಪೊರೆಗಳನ್ನು ನಾನು ಕೊಟ್ಟಿಗೆಯಲ್ಲಿ ಎಷ್ಟು ಸಲ ಕೈಯಾರೆ ಮುಟ್ಟಿದ್ದೇನೆಂದರೆ, ನನಗೆ ಕೋಳಿತತ್ತಿಗಿಂತ ದೇವಣಿ ಆಕಳಿನಿಂದ ಆರಂಭಿಸುವುದೇ ಸುಲಭ.

ಆಕಳು ಈಯುವಾಗ ಎರಡು ನೀರಿನ ಚೀಲಗಳು ಬರುತ್ತವೆ ಎಂಬುದು ನಮ್ಮ ಕಡೆಯ ಎಲ್ಲ ರೈತರಿಗೂ ಗೊತ್ತು. ಮೊದಲ ಚೀಲ ಒಡೆದಾಗ ಬರುವುದು ಗಂಜಲದಂಥ ತೆಳು ನೀರು. ಎರಡನೆಯದು ಬಿಳಿಚಾದ ಪೊರೆ. ಅದರೊಳಗೆ ಕರುವಿನ ಗೊರಸು ಕಾಣುತ್ತದೆ, ಅದರ ನೀರು ಲೋಳೆಯಂತೆ ಜಾರುತ್ತದೆ. ಈ ಎರಡನೆಯ ಚೀಲವೇ ಆಮ್ನಿಯಾನ್, ಆಮ್ನಿಯೋಟ್ ಎಂಬ ಹೆಸರು ಬಂದದ್ದು ಇದರಿಂದಲೇ; ಅದರ ನೀರೇ ಉಮ್ಮನೀರು. ಮೊದಲ ಚೀಲ ಅಲಾಂಟಾಯ್ಸ್ ಮತ್ತು ಅದಕ್ಕೆ ಹೊರಗಿನಿಂದ ಬೆಸೆದ ಕೋರಿಯಾನ್. ಕರುವಿನ ಮೂತ್ರಕೋಶದಿಂದ ಹೊಕ್ಕುಳಬಳ್ಳಿಯ ಮೂಲಕ ಹೊರಟ ಒಂದು ನಾಳ ಅಲಾಂಟಾಯ್ಸ್‌ಗೆ ಸೇರುವುದರಿಂದ, ಆ ನೀರನ್ನು ಗಂಜಲದಂತೆ ಎಂದು ನಾನು ಹೇಳಿದ್ದು ಬರಿಯ ಹೋಲಿಕೆಯಲ್ಲ. ಅದರಲ್ಲಿ ಕರುವಿನ ಮೂತ್ರ ನಿಜವಾಗಿಯೂ ಸೇರಿರುತ್ತದೆ.

ಈಗ ಕೋಳಿತತ್ತಿಗೆ ಬನ್ನಿ. ಅಲ್ಲಿಯೂ ಇವೇ ಮೂರು ಪೊರೆಗಳಿವೆ, ಜೊತೆಗೆ ಬುತ್ತಿಚೀಲ ಎಂಬ ನಾಲ್ಕನೆಯದು. ಮರಿಯನ್ನು ನೀರಿನಲ್ಲಿ ತೇಲಿಸುವುದು ಆಮ್ನಿಯಾನ್, ಹಳದಿಯನ್ನು ಸುತ್ತುವರಿದದ್ದು ಬುತ್ತಿಚೀಲ, ಕೊಳೆಯನ್ನು ಕೂಡಿಡುವುದು ಅಲಾಂಟಾಯ್ಸ್, ಎಲ್ಲವನ್ನೂ ಹೊರಗಿನಿಂದ ಆವರಿಸುವುದು ಕೋರಿಯಾನ್. ಅಲಾಂಟಾಯ್ಸ್ ಬೆಳೆದು ಕೋರಿಯಾನ್‌ಗೆ ಅಂಟಿಕೊಂಡು, ರಕ್ತನಾಳಗಳ ಬಲೆಯಾಗಿ ಚಿಪ್ಪಿನ ಒಳಮೈಗೆ ಹರಡಿ, ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಆಕಳಿನಲ್ಲಿ ಇದೇ ಜೋಡಿಪೊರೆ ಚಿಪ್ಪಿಗೆ ಬದಲಾಗಿ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ. ಸಾಮಾನ್ಯವಾಗಿ 70ರಿಂದ 120 ಗುಂಡಿಗಳಂಥ ಜಾಗಗಳಲ್ಲಿ ತಾಯಿಯ ಅಂಗಾಂಶಕ್ಕೆ ಹೆಣೆದುಕೊಳ್ಳುತ್ತದೆ. ಅದನ್ನೇ ನಾವು ಮಾಸು ಎನ್ನುತ್ತೇವೆ. ಈದ ಹನ್ನೆರಡು ತಾಸಾದರೂ ಮಾಸು ಬೀಳಲಿಲ್ಲ ಎಂದು ನನಗೆ ಕರೆ ಬಂದಾಗಲೆಲ್ಲ ನಾನು ನೋಡಲು ಹೋಗುವುದು, ಒಂದು ಲೆಕ್ಕದಲ್ಲಿ, ತತ್ತಿಯ ಪೊರೆಯನ್ನೇ.

ಆದ್ದರಿಂದ ಆ ಹುಡುಗಿಗೆ ಹೀಗೆ ಹೇಳಿ: ಅಂಡಜ, ಜರಾಯುಜ ಎಂಬುದು ಮರಿ ಹೊರಬರುವ ಬಗೆಯ ಲೆಕ್ಕ, ಆಮ್ನಿಯೋಟ್ ಎಂಬುದು ವಂಶದ ಲೆಕ್ಕ. ಕಪ್ಪೆಯ ತತ್ತಿಯಲ್ಲಿ ಲೋಳೆಯ ಹೊದಿಕೆ ಇದೆ, ಆದರೆ ಆಮ್ನಿಯಾನ್ ಇಲ್ಲ, ಅಲಾಂಟಾಯ್ಸ್ ಪೊರೆಯೂ ಇಲ್ಲ. ಆಕಳಿನ ಜರಾಯು ಹಲ್ಲಿಯ ಅಂಡದ ಒಳಭಾಗವೇ.

ಹುಮನಾಬಾದಿನ ಕೋಳಿ ಸಾಕಣೆದಾರ

ವೈದ್ಯರು ಹೇಳಿದ್ದನ್ನು ತತ್ತಿ ಒಡೆಯದೆಯೇ ಮಕ್ಕಳಿಗೆ ತೋರಿಸಬಹುದು. ಕಾವುಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ತತ್ತಿಯನ್ನು ನಾಲ್ಕನೆಯ ಅಥವಾ ಐದನೆಯ ದಿನ ಕತ್ತಲ ಕೋಣೆಯಲ್ಲಿ ದೀಪದ ಮುಂದೆ ಹಿಡಿದರೆ ಜೇಡದ ಬಲೆಯಂತೆ ಕೆಂಪು ನಾಳಗಳು ಕಾಣುತ್ತವೆ. ಆ ದಿನಗಳಲ್ಲಿ ಕಾಣುವುದು ಮುಖ್ಯವಾಗಿ ಬುತ್ತಿಚೀಲದ ನಾಳಗಳು. ವೈದ್ಯರು ಹೇಳಿದ ಉಸಿರಾಟದ ಜೋಡಿಪೊರೆ ಚಿಪ್ಪನ್ನು ಪೂರ್ತಿ ಆವರಿಸಲು ಹತ್ತು ಹನ್ನೆರಡು ದಿನ ಬೇಕು. ಮರಿ 21ನೆಯ ದಿನ ಹೊರಬಂದ ಮೇಲೆ ಖಾಲಿ ಚಿಪ್ಪಿನೊಳಗೆ ಸುಣ್ಣದಂಥ ಬಿಳಿ ಹಿಟ್ಟು ಅಂಟಿರುವುದನ್ನು ನೋಡಿ. ಅದು ಅಲಾಂಟಾಯ್ಸ್‌ನಲ್ಲಿ ಉಳಿದ ಯೂರಿಕ್ ಆಮ್ಲ. ಆ ಆಮ್ಲ ನೀರಿನಲ್ಲಿ ಕರಗುವುದು ತೀರ ಕಡಿಮೆ ಎಂಬುದರಿಂದಲೇ ಮರಿ ಮೂರು ವಾರ ತನ್ನ ಕೊಳೆಯ ಪಕ್ಕದಲ್ಲೇ ವಿಷವೇರದೆ ಬದುಕಬಲ್ಲದು.

ಇನ್ನೊಂದು ಸಂಗತಿ. ಹೊರಬರುವುದಕ್ಕೆ ಸ್ವಲ್ಪ ಮುಂಚೆ ಮರಿ ಉಳಿದ ಹಳದಿಯನ್ನು ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೆಳೆದುಕೊಳ್ಳುತ್ತದೆ. ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿ ತುಂಬಿ, ಮೇವಿಲ್ಲದೆ ಎರಡು ದಿನದ ದಾರಿ ಕಳಿಸಿದರೂ ಅವು ಬದುಕುವುದು ಈ ಬುತ್ತಿಯಿಂದಲೇ.

ಆದರೆ ತತ್ತಿ ಪೂರ್ತಿ ಮುಚ್ಚಿದ ಡಬ್ಬಿ ಎಂದು ಮಕ್ಕಳಿಗೆ ದಯವಿಟ್ಟು ಹೇಳಬೇಡಿ. ಕಾವಿನ ಅವಧಿಯಲ್ಲಿ ಅದು ತನ್ನ ತೂಕದ ಶೇಕಡ 12ರಿಂದ 14ರಷ್ಟನ್ನು ನೀರಾವಿಯಾಗಿ ಕಳೆದುಕೊಳ್ಳಬೇಕು. ಆಗಲೇ ಮೊಂಡು ತುದಿಯ ಗಾಳಿಗೂಡು ದೊಡ್ಡದಾಗಿ ಮರಿಗೆ ಮೊದಲ ಉಸಿರು ಸಿಗುತ್ತದೆ. ಇದು ಹೆಚ್ಚಾದರೂ ಕೇಡು. ಒಂದು ಮೇ ತಿಂಗಳಲ್ಲಿ ಪೆಟ್ಟಿಗೆಯ ತೇವಾಂಶ ಮಾಪಕ ಕೆಟ್ಟಿದ್ದನ್ನು ನಾನು ಗಮನಿಸಲಿಲ್ಲ. ನಮ್ಮ ಕಡೆಯ ಒಣಗಾಳಿಗೆ ಪೊರೆ ಒಣಗಿ ಮರಿಯ ಮೈಗೆ ಅಂಟಿತು; ಅರ್ಧ ಚಿಪ್ಪು ಒಡೆದ ಮರಿಗಳು ತಿರುಗಲಾರದೆ ಅಲ್ಲೇ ಸತ್ತವು. ನೀರಿನ ಲೆಕ್ಕ ಎಷ್ಟು ಬಿಗಿ ಎಂಬುದನ್ನು ನಾನು ಕಲಿತದ್ದು ಹಾಗೆ.

ಕಲಬುರಗಿಯ ಭೂವಿಜ್ಞಾನ ವಿದ್ಯಾರ್ಥಿ

ಚಿಪ್ಪಿನ ವಿಷಯದಲ್ಲಿ ವೈದ್ಯರ ಮಾತಿಗೆ ನನ್ನ ಒಪ್ಪಿಗೆ ಇದೆ. ನಮ್ಮ ಸುತ್ತಲಿನ ಪ್ರಾಣಿಗಳೇ ಅದಕ್ಕೆ ಸಾಕ್ಷಿ. ಗೋಡೆಯ ಹಲ್ಲಿ ಚಿತ್ರಪಟದ ಹಿಂದೆ ಸಾಮಾನ್ಯವಾಗಿ ಎರಡು ಗಟ್ಟಿ ಚಿಪ್ಪಿನ ತತ್ತಿ ಇಡುತ್ತದೆ. ಹೊಲದ ಬದುವಿನ ಓತಿಕ್ಯಾತ ಮಣ್ಣು ಅಗೆದು ಇಡುವುದು ತೊಗಲಿನಂಥ ಮೆತ್ತನೆಯ ತತ್ತಿ. ನಾಗರಹಾವು ತತ್ತಿ ಇಟ್ಟರೆ ಕೊಳಕುಮಂಡಲ ಮರಿಗಳನ್ನೇ ಹಾಕುತ್ತದೆ, ಮಣ್ಣುಮುಕ್ಕ ಹಾವೂ ಹಾಗೆಯೇ. ಹೀಗೆ ಅಂಡಜ, ಜರಾಯುಜಗಳ ಗಡಿ ಹಾವುಗಳ ನಡುವೆಯೇ ಹಾದುಹೋಗುತ್ತದೆ. ಇನ್ನೊಂದು ಕಡೆ, ಹಾಲೂಡಿಸುವ ಪ್ಲಾಟಿಪಸ್ ತತ್ತಿ ಇಡುತ್ತದೆ. 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ ಆಸ್ಟ್ರೇಲಿಯಾದಿಂದ ತಂತಿ ಕಳಿಸಿ ಅದನ್ನು ಖಚಿತಪಡಿಸುವವರೆಗೆ ಯುರೋಪಿನ ಪಂಡಿತರು ದಶಕಗಳ ಕಾಲ ಆ ಬಗ್ಗೆ ಜಗಳವಾಡಿದ್ದರು.

ಗಟ್ಟಿ ಚಿಪ್ಪು ತಡವಾಗಿ, ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿ ಬಂದಿರುವ ಸಾಧ್ಯತೆಯೇ ಹೆಚ್ಚು. ಪ್ರೋಟೋಸೆರಾಟಾಪ್ಸ್ ಎಂಬ ಡೈನೋಸಾರ್‌ನ ತತ್ತಿಗಳು ಮೆತ್ತಗಿದ್ದವು ಎಂದು 2020ರಲ್ಲಿ ತಿಳಿಯಿತು. ಆರಂಭದ ಆಮ್ನಿಯೋಟ್‌ಗಳು ಭ್ರೂಣವನ್ನು ಬಹುಕಾಲ ಒಡಲಲ್ಲೇ ಉಳಿಸಿಕೊಳ್ಳುತ್ತಿದ್ದವು, ಪೊರೆಗಳು ಮೊದಲು ಬೆಳೆದದ್ದು ಅಲ್ಲಿಯೇ ಎಂಬ ವಾದವೂ 2023ರಲ್ಲಿ ಹೊಸ ಆಧಾರಗಳೊಂದಿಗೆ ಮುಂದೆ ಬಂದಿದೆ. ಈ ವಾದ ನನಗೆ ಹಿಡಿಸುತ್ತದೆ, ಆದರೆ ಮುಗಿದ ಮಾತು ಎಂದು ಪಾಠದಲ್ಲಿ ಹೇಳುವಷ್ಟು ಅದು ಇನ್ನೂ ಗಟ್ಟಿಯಾಗಿಲ್ಲ.

ಸೇಡಂನ ಓದುಗ

ನನ್ನದು ಎರಡು ತಕರಾರುಗಳು. ಪೊರೆ ಕಲ್ಲಾಗುವುದಿಲ್ಲ, ಉಮ್ಮನೀರು ಪಳೆಯುಳಿಕೆಯಾಗುವುದಿಲ್ಲ; ಹಾಗಿರುವಾಗ ಯಾವುದೋ ಹಳೆಯ ಎಲುಬನ್ನು ಹಿಡಿದು ಇದು ಆಮ್ನಿಯೋಟ್ ಎಂದು ಹೇಗೆ ನಿರ್ಧರಿಸುತ್ತೀರಿ? ಎರಡನೆಯದಾಗಿ, ನಾವೆಲ್ಲ ಸರೀಸೃಪಗಳಿಂದ ಬಂದವರು ಎಂದು ಶಾಲೆಯಲ್ಲಿ ಓದಿದ ನೆನಪು. ಅದು ಸರಿಯಾದರೆ ಹಲ್ಲಿ ನಮಗೆ ಸಂಬಂಧಿಯಲ್ಲ, ಪೂರ್ವಜನಾಗಬೇಕಲ್ಲವೇ?

ಕಲಬುರಗಿಯ ಭೂವಿಜ್ಞಾನ ವಿದ್ಯಾರ್ಥಿ

ಎರಡನೆಯ ತಕರಾರಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಹಳೆಯ ಪಾಠ ಈಗ ಬದಲಾಗಿದೆ. ಆಮ್ನಿಯೋಟ್‌ಗಳು ಬಹಳ ಬೇಗ ಎರಡು ಕವಲಾದವು. ಒಂದು ಕವಲಿನಲ್ಲಿ ಹಲ್ಲಿ, ಹಾವು, ಆಮೆ, ಮೊಸಳೆ, ಹಕ್ಕಿಗಳಿವೆ. ಇನ್ನೊಂದು ಸಿನಾಪ್ಸಿಡ್ ಕವಲು, ಅದರ ಉಳಿದ ಕುಡಿಗಳು ನಾವು ಸಸ್ತನಿಗಳು. ಹೀಗಾಗಿ ಹಲ್ಲಿ ನಮಗೆ ಅಜ್ಜನಲ್ಲ, ದೂರದ ದಾಯಾದಿ. ಬೆನ್ನ ಮೇಲೆ ಹಾಯಿಯಂಥ ರೆಕ್ಕೆಯಿದ್ದ ಡೈಮೆಟ್ರೋಡಾನ್‌ನ್ನು ಆಟಿಕೆಯ ಪೆಟ್ಟಿಗೆಗಳಲ್ಲಿ ಡೈನೋಸಾರ್‌ಗಳ ಜೊತೆ ಮಾರುತ್ತಾರೆ. ಅದು ಡೈನೋಸಾರ್‌ಗಳು ಹುಟ್ಟುವುದಕ್ಕೆ ಕೋಟಿಗಟ್ಟಲೆ ವರ್ಷ ಮೊದಲೇ ಅಳಿದ ಸಿನಾಪ್ಸಿಡ್, ಅಂದರೆ ನಮ್ಮ ಕಡೆಯದು.

ಈ ಕವಲುಗಳನ್ನು ಗುರುತಿಸಲು ತಲೆಬುರುಡೆಯಲ್ಲಿ ಕಣ್ಣಿನ ಹಿಂದಿರುವ ಕಿಂಡಿಗಳನ್ನು ನೋಡುತ್ತಾರೆ. ಸಿನಾಪ್ಸಿಡ್‌ಗಳಿಗೆ ಪ್ರತಿ ಬದಿಯಲ್ಲಿ ಒಂದು ಕಿಂಡಿ. ಹಲ್ಲಿ, ಮೊಸಳೆ, ಹಕ್ಕಿಗಳ ಪೂರ್ವಜರಿಗೆ ಎರಡು. ಕಡಕ್ ರೊಟ್ಟಿ ಅಗಿಯುವಾಗ ಕಣತಲೆಯ ಮೇಲೆ ಬೆರಳಿಟ್ಟು ನೋಡಿ: ಅಲ್ಲಿ ಉಬ್ಬಿ ಇಳಿಯುವ ಸ್ನಾಯು ಆ ಒಂದು ಕಿಂಡಿಯ ಜಾಗದಲ್ಲಿಯೇ ಹಾದು ಕೆಳದವಡೆಗೆ ಇಳಿಯುತ್ತದೆ. ನಮ್ಮಲ್ಲಿ ಕಿಂಡಿಯ ಅಂಚುಗಳು ಬದಲಾಗಿ, ಕೆನ್ನೆಯ ಎಲುಬಿನ ಕಮಾನು ಮಾತ್ರ ಅದರ ಕೆಳ ಅಂಚಾಗಿ ಉಳಿದಿದೆ.

ಇನ್ನು ಮೊದಲ ತಕರಾರು. ಪೊರೆ ಕಲ್ಲಾಗುವುದಿಲ್ಲ ಎಂಬುದು ನಿಜ, ಆದ್ದರಿಂದ ಎಲುಬುಗಳನ್ನು ಪರೋಕ್ಷ ಸಾಕ್ಷಿಗಳಾಗಿ ಓದಬೇಕಾಗುತ್ತದೆ. ಪಾದದ ಕೀಲಿನಲ್ಲಿ ಹಿಂದೆ ಬಿಡಿಬಿಡಿಯಾಗಿದ್ದ ಎಲುಬುಗಳು ಬೆಸೆದು ಆಸ್ಟ್ರಗಲಸ್ ಎಂಬ ಒಂದೇ ಎಲುಬಾಗಿವೆಯೇ, ಕತ್ತಿನ ಮೊದಲೆರಡು ಕಶೇರುಗಳು ತಲೆಯನ್ನು ತಿರುಗಿಸಲು ಹೊಂದುವ ಜೋಡಿಯಾಗಿವೆಯೇ, ಸೊಂಟಕ್ಕೆ ಕನಿಷ್ಠ ಎರಡು ಕಶೇರುಗಳು ಆಧಾರ ಕೊಟ್ಟಿವೆಯೇ ಎಂದು ನೋಡುತ್ತಾರೆ. ಇವೆಲ್ಲಕ್ಕಿಂತ ನನಗೆ ಹೆಚ್ಚು ಮುಖ್ಯವೆನಿಸುವುದು ಪಕ್ಕೆಲುಬು. ಕಪ್ಪೆ ಗಂಟಲು ಉಬ್ಬಿಸಿ ಗಾಳಿಯನ್ನು ಶ್ವಾಸಕೋಶಕ್ಕೆ ನೂಕುತ್ತದೆ. ಅದಕ್ಕೆ ಅಗಲವಾದ ತಲೆ ಬೇಕು. ಇಂಗಾಲದ ಡೈಆಕ್ಸೈಡನ್ನು ಬಹುಪಾಲು ಒದ್ದೆ ಚರ್ಮದಿಂದಲೇ ಹೊರಹಾಕುವುದರಿಂದ ಚರ್ಮವನ್ನು ಮುಚ್ಚಿಕೊಳ್ಳುವ ಹಾಗಿಲ್ಲ. ಆಮ್ನಿಯೋಟ್‌ಗಳು ಪಕ್ಕೆಲುಬನ್ನು ತಿದಿಯಂತೆ ಅರಳಿಸಿ ಉಸಿರೆಳೆಯತೊಡಗಿದ ಮೇಲೆ ಚರ್ಮಕ್ಕೆ ಆ ಕೆಲಸ ತಪ್ಪಿತು. ಅದು ಕೆರಾಟಿನ್ ಮತ್ತು ಜಿಡ್ಡಿನಿಂದ ನೀರು ಸೋರದಂತೆ ಮುಚ್ಚಿಕೊಂಡಿತು. ತಲೆ ಕಿರಿದಾಯಿತು, ಕತ್ತು ಉದ್ದವಾಯಿತು. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಕೋಟೆಯ ಗೋಡೆಯ ಮೇಲೆ ಓತಿಕ್ಯಾತ ಕೂತಿರಬಲ್ಲದು, ಕಪ್ಪೆ ಕೂರಲಾರದು ಎಂಬುದಕ್ಕೆ ತತ್ತಿಯಷ್ಟೇ ಪಕ್ಕೆಲುಬೂ ಕಾರಣ. ಪಾಠಗಳಲ್ಲಿ ತತ್ತಿಗೆ ಸಿಗುವ ಮಾನ ಪಕ್ಕೆಲುಬಿಗೆ ಸಿಗುವುದಿಲ್ಲ ಎಂಬುದು ನನ್ನ ಹಳೆಯ ದೂರು.

ಇಂಥ ಲಕ್ಷಣಗಳಿರುವ ಖಚಿತವಾದ ಹಳೆಯ ಪ್ರಾಣಿ ಹೈಲೋನೋಮಸ್. ಕೆನಡಾದ ನೋವಾ ಸ್ಕಾಟಿಯಾದ ಜಾಗಿನ್ಸ್ ಎಂಬಲ್ಲಿ, 31 ಕೋಟಿ ವರ್ಷಗಳಿಗೂ ಹಿಂದಿನ ಟೊಳ್ಳು ಮರದ ಬೊಡ್ಡೆಗಳೊಳಗೆ ಸಿಕ್ಕಿದ, ಗೇಣುದ್ದದ, ಹಲ್ಲಿಯಂಥ ಪ್ರಾಣಿ ಅದು. ಜಾನ್ ವಿಲಿಯಂ ಡಾಸನ್ 1860ರಲ್ಲಿ ಅದನ್ನು ಹೆಸರಿಸಿದರು. ಅದೇ ಪ್ರಾಂತ್ಯದ ಸ್ವಲ್ಪ ಕಿರಿಯ ಶಿಲೆಗಳಲ್ಲಿ ಆರ್ಕಿಯೋಥೈರಿಸ್ ಎಂಬ ಸಿನಾಪ್ಸಿಡ್ ಸಿಕ್ಕಿದೆ. ಅಂದರೆ ಹಲ್ಲಿಯ ಮತ್ತು ಆಕಳಿನ ದಾರಿಗಳು ಆ ಹೊತ್ತಿಗಾಗಲೇ ಬೇರೆಯಾಗಿದ್ದವು. 2025ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಿಂದ ಸುಮಾರು 35.5 ಕೋಟಿ ವರ್ಷ ಹಳೆಯದೆಂದು ಅಂದಾಜಿಸಿದ, ಉಗುರಿನ ಗುರುತುಳ್ಳ ಹೆಜ್ಜೆಗಳು ವರದಿಯಾದವು. ಅವು ಆಮ್ನಿಯೋಟ್‌ನದೇ ಆಗಿದ್ದರೆ ಈ ವಂಶದ ಹುಟ್ಟು ಮೂರೂವರೆ ಕೋಟಿ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಸರಿಯುತ್ತದೆ.

ಸೇಡಂನ ಓದುಗ

ಆಫ್ರಿಕಾದ ಕೆಲವು ಕಪ್ಪೆಗಳ ಬೆರಳಿಗೂ ಉಗುರಿನಂಥ ತುದಿ ಇರುತ್ತದೆ ಎಂದು ಓದಿದ್ದೇನೆ. ಬರಿಯ ಉಗುರಿನ ಗೀರಿನಿಂದ ಇಷ್ಟು ದೊಡ್ಡ ತೀರ್ಮಾನ ಸರಿಯೇ?

ಕಲಬುರಗಿಯ ಭೂವಿಜ್ಞಾನ ವಿದ್ಯಾರ್ಥಿ

ಸರಿಯಾದ ಪ್ರಶ್ನೆ. ಅದಕ್ಕೇ "ಆಗಿದ್ದರೆ" ಎಂದು ಬರೆದೆ. ಅದೇ ಪದರದಲ್ಲಿ ಒಂದು ಎಲುಬು ಸಿಗುವವರೆಗೆ ನಾನು ಮಕ್ಕಳಿಗೆ ಹೈಲೋನೋಮಸ್‌ನ ಲೆಕ್ಕವನ್ನೇ ಹೇಳುತ್ತೇನೆ.

ಕಲಬುರಗಿಯ ವೈದ್ಯಕೀಯ ವಿದ್ಯಾರ್ಥಿನಿ

ದಾಯಾದಿತನದ ಸಾಕ್ಷಿ ನಮ್ಮ ಮೈಯಲ್ಲೇ ಇದೆ. ಅಂಗರಚನಾಶಾಸ್ತ್ರದ ಮೊದಲ ವರ್ಷದಲ್ಲಿ ನನ್ನನ್ನು ಬಹುವಾಗಿ ತಡೆದು ನಿಲ್ಲಿಸಿದ್ದು ಕಿವಿ. ಹಲ್ಲಿಯ ನಡುಗಿವಿಯಲ್ಲಿ ಒಂದೇ ಎಲುಬು, ನಮ್ಮಲ್ಲಿ ಮೂರು. ಹೆಚ್ಚಿನ ಎರಡು ಎಲ್ಲಿಂದ ಬಂದವು? ಹಲ್ಲಿಯ ದವಡೆಯ ಕೀಲು ಕ್ವಾಡ್ರೇಟ್ ಮತ್ತು ಆರ್ಟಿಕ್ಯುಲರ್ ಎಂಬ ಎರಡು ಎಲುಬುಗಳ ನಡುವೆ ಇರುತ್ತದೆ. ನಮ್ಮಲ್ಲಿ ಅವೇ ಎರಡೂ ಕಿರಿದಾಗಿ, ದವಡೆಯನ್ನು ಬಿಟ್ಟು, ಕಿವಿಯ ಇಂಕಸ್ ಮತ್ತು ಮ್ಯಾಲಿಯಸ್ ಆಗಿವೆ. ಭ್ರೂಣಗಳನ್ನು ನೋಡಿ ಜರ್ಮನಿಯ ಕಾರ್ಲ್ ರೈಖರ್ಟ್ ಇದನ್ನು 1837ರಲ್ಲೇ ಸೂಚಿಸಿದ್ದರು, ಡಾರ್ವಿನ್ನರ ಗ್ರಂಥಕ್ಕಿಂತ 22 ವರ್ಷ ಮೊದಲು. ಕೀಲು ಸರಿಯುವ ನಡುವಿನ ಕಾಲದಲ್ಲಿ ಪ್ರಾಣಿ ಅಗಿದದ್ದು ಹೇಗೆ ಎಂಬ ಆಕ್ಷೇಪಕ್ಕೆ ಸುಮಾರು 20 ಕೋಟಿ ವರ್ಷ ಹಿಂದಿನ ಮಾರ್ಗನುಕೋಡಾನ್ ಎಂಬ, ಸಸ್ತನಿಗಳ ಪೂರ್ವಬಂಧು ಉತ್ತರ ಕೊಟ್ಟಿತು: ಅದರ ದವಡೆಯಲ್ಲಿ ಹಳೆಯ ಕೀಲು ಮತ್ತು ಹೊಸ ಕೀಲು ಎರಡೂ ಒಟ್ಟಿಗೆ ಇದ್ದವು.

ಬುತ್ತಿಚೀಲದ ಬಗ್ಗೆ ಒಂದು ಮಾತು. ಮನುಷ್ಯ ಭ್ರೂಣಕ್ಕೂ ಅದು ಇದೆ, ಆದರೆ ಅದರಲ್ಲಿ ಹಳದಿ ಇಲ್ಲ. ಬುತ್ತಿ ಖಾಲಿಯಾದರೂ ಚೀಲ ಬಿಟ್ಟುಹೋಗಿಲ್ಲ, ಏಕೆಂದರೆ ಭ್ರೂಣದ ಮೊದಲ ರಕ್ತಕಣಗಳು ಹುಟ್ಟುವುದು ಅದರ ಗೋಡೆಯಲ್ಲಿ. ಹಳದಿಯ ಪ್ರೋಟೀನು ಮಾಡುವ ವೈಟೆಲ್ಲೋಜೆನಿನ್ ಜೀನ್‌ಗಳು ಕೋಳಿಯಲ್ಲಿ ಮೂರು, ಪ್ಲಾಟಿಪಸ್‌ನಲ್ಲಿ ಕೆಲಸ ಮಾಡುವುದು ಒಂದು. ಮನುಷ್ಯನ ಡಿಎನ್‌ಎಯಲ್ಲಿ ಅವುಗಳ ಸತ್ತ ತುಣುಕುಗಳು ಮಾತ್ರ ಉಳಿದಿವೆ ಎಂದು 2008ರ ಒಂದು ಅಧ್ಯಯನ ತೋರಿಸಿತು. ಅಲಾಂಟಾಯ್ಸ್‌ನ ನಾಳವೂ ಪೂರ್ತಿ ಹೋಗಿಲ್ಲ. ಮೂತ್ರಕೋಶದಿಂದ ಹೊಕ್ಕುಳಿನವರೆಗೆ ಒಂದು ನಾರಿನ ಹುರಿಯಾಗಿ ನಮ್ಮೆಲ್ಲರ ಹೊಟ್ಟೆಯೊಳಗೆ ಉಳಿದಿದೆ.

ಬೀದರಿನ ಪಶುವೈದ್ಯ

ಆ ನಾಳ ಕೆಲವು ಕರುಗಳಲ್ಲಿ ಹುಟ್ಟಿದ ಮೇಲೂ ಮುಚ್ಚುವುದಿಲ್ಲ. ಹೊಕ್ಕುಳಿನಿಂದ ಮೂತ್ರ ತೊಟ್ಟಿಕ್ಕುತ್ತದೆ ಎಂದು ರೈತರು ಗಾಬರಿಯಾಗಿ ಕರು ತರುತ್ತಾರೆ. ತತ್ತಿಯೊಳಗಿನ ದಾರಿ ಇನ್ನೂ ತೆರೆದೇ ಇದೆ, ಅಷ್ಟೇ. ಆದರೆ ಸೋಂಕು ಏರುವುದರಿಂದ ಚಿಕಿತ್ಸೆಗೆ ತಡಮಾಡಬಾರದು.

ಯಾದಗಿರಿಯ ಓದುಗ

ಭೀಮಾ ನದಿಯ ದಂಡೆಯಲ್ಲಿ ನಾವು ನೋಡುವ ಆಮೆಯ ಪಕ್ಕೆಲುಬು ಚಿಪ್ಪಿಗೇ ಬೆಸೆದಿದೆ. ಪಕ್ಕೆಲುಬು ಅರಳಿಸಿ ಉಸಿರೆಳೆಯುವುದು ಈ ಗುಂಪಿನ ದೊಡ್ಡ ಗುಣವಾದರೆ ಆಮೆಯ ಗತಿ ಏನು? ಅದರ ಬುರುಡೆಯಲ್ಲಿ ಕಿಂಡಿಗಳೂ ಇಲ್ಲವಂತೆ.

ಕಲಬುರಗಿಯ ಭೂವಿಜ್ಞಾನ ವಿದ್ಯಾರ್ಥಿ

ಆಮೆ ಹೊಟ್ಟೆಯ ಮತ್ತು ಕಾಲುಬುಡದ ಸ್ನಾಯುಗಳಿಂದ ಒಳಗಿನ ಅಂಗಗಳನ್ನು ಹಿಂದೆ ಮುಂದೆ ಸರಿಸಿ ಉಸಿರಾಡುತ್ತದೆ. ಕಿಂಡಿ ಇಲ್ಲದ್ದರಿಂದ ಬಹುಕಾಲ ಅದನ್ನು ಎಲ್ಲರಿಗಿಂತ ಹಳೆಯ ಕವಲೆಂದು ಭಾವಿಸಿದ್ದರು. ಆದರೆ ಜೀನ್‌ಗಳ ಹೋಲಿಕೆ ಅದನ್ನು ಮೊಸಳೆ ಮತ್ತು ಹಕ್ಕಿಗಳ ಪಕ್ಕಕ್ಕೆ ತಂದು ಕೂರಿಸಿತು, ಮತ್ತು 2015ರಲ್ಲಿ ಜರ್ಮನಿಯಿಂದ ವರದಿಯಾದ 24 ಕೋಟಿ ವರ್ಷ ಹಿಂದಿನ ಪ್ಯಾಪೋಕೆಲಿಸ್ ಎಂಬ ಆಮೆಯ ಪೂರ್ವಬಂಧುವಿನ ಬುರುಡೆಯಲ್ಲಿ ಎರಡೂ ಕಿಂಡಿಗಳಿದ್ದವು. ಆಮೆಗೆ ಕಿಂಡಿಗಳು ಇರಲಿಲ್ಲವೆಂದಲ್ಲ, ಮುಚ್ಚಿಹೋದವು.

ಶಹಾಪುರದ ಶಿಕ್ಷಕಿ

ಇಷ್ಟು ವಿವರಕ್ಕೆ ಕೃತಜ್ಞತೆಗಳು. ಇನ್ನೊಂದೇ ಪ್ರಶ್ನೆ: ನಮ್ಮ ಜಿಲ್ಲೆಗಳ ಕಲ್ಲಿನಲ್ಲಿ ಇಂಥ ಪ್ರಾಣಿಗಳು ಸಿಗುತ್ತವೆಯೇ? ಶಾಲೆಯ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲಿನಲ್ಲಿ ಮಕ್ಕಳು ಎಲುಬು ಹುಡುಕಲು ಶುರುಮಾಡಿದ್ದಾರೆ.

ಕಲಬುರಗಿಯ ಭೂವಿಜ್ಞಾನ ವಿದ್ಯಾರ್ಥಿ

ಅಲ್ಲಿ ಸಿಗುವುದಿಲ್ಲ ಎಂದು ಈಗಲೇ ಹೇಳಿಬಿಡಿ. ಶಹಾಬಾದ್ ಕಲ್ಲು ಭೀಮಾ ಜಲಾನಯನದ ಸುಣ್ಣಶಿಲೆ. ಬೆನ್ನೆಲುಬುಳ್ಳ ಪ್ರಾಣಿಗಳು ಹುಟ್ಟುವುದಕ್ಕೂ ಮೊದಲಿನ ಸಮುದ್ರದ ಕೆಸರು ಅದು. ಅದರ ಮೇಲೆ ಹರಿದ ದಖ್ಖನಿನ ಲಾವಾ ಸುಮಾರು 6.6 ಕೋಟಿ ವರ್ಷ ಹಿಂದಿನದು. ಬೀದರಿನ ಕೆಂಪು ಜಂಬಿಟ್ಟಿಗೆ ಆ ಲಾವಾ ಕೊಳೆತು ಆದದ್ದು. ಆಮ್ನಿಯೋಟ್‌ಗಳ ಕಥೆಯ ಬಹುಭಾಗ ನಡೆದ ಕಾಲದ ಪುಟಗಳು ನಮ್ಮ ನೆಲದ ಪುಸ್ತಕದಲ್ಲಿ ಇಲ್ಲ. ಲಾವಾದ ಎರಡು ಹರಿವುಗಳ ನಡುವಿನ ತೆಳು ಕೆಸರುಪದರಗಳಿಂದ, ಆಗಿನ ಗುಲಬರ್ಗಾ ಜಿಲ್ಲೆಯಲ್ಲಿ, ಆಸ್ಟ್ರಕೋಡ್ ಎಂಬ ಸಿಹಿನೀರಿನ ಪುಟ್ಟ ಚಿಪ್ಪುಜೀವಿಗಳು 2002ರಲ್ಲಿ ವರದಿಯಾಗಿವೆ. ಹೆಚ್ಚುಕಡಿಮೆ ಅದೇ ಕಾಲದ ನರ್ಮದಾ ಕಣಿವೆಯ ಶಿಲೆಗಳಲ್ಲಿ, ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ, ಟೈಟನೋಸಾರ್ ಎಂಬ ಭಾರಿ ಡೈನೋಸಾರ್‌ಗಳ 92 ಗೂಡುಗಳು ಮತ್ತು 256 ತತ್ತಿಗಳು ದೊರೆತದ್ದು 2023ರಲ್ಲಿ ಪ್ರಕಟವಾಯಿತು.

ನಮಗೆ ಹತ್ತಿರವಾಗುವುದು ಹೈದರಾಬಾದ್. ಅಲ್ಲಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ಕೋಟಾಸಾರಸ್ ಎಂಬ ಡೈನೋಸಾರ್‌ನ ಅಸ್ಥಿಪಂಜರ ನಿಂತಿದೆ; ಗೋದಾವರಿ ಕಡೆಯ ಯಾಮನಪಲ್ಲಿಯ ಜುರಾಸಿಕ್ ಶಿಲೆಯಿಂದ ಬಂದದ್ದು. 1988ರಲ್ಲಿ ಅದನ್ನು ವಿವರಿಸಿದ ವಿಜ್ಞಾನಿಯ ಹೆಸರು ಪಿ. ಯಾದಗಿರಿ ಎಂದು ಹೇಳಿದರೆ ನಿಮ್ಮ ಮಕ್ಕಳು ಮರೆಯಲಾರರು. ಅದರ ಪಾದದ ಕೀಲನ್ನೂ ಕತ್ತಿನ ಮೊದಲ ಎಲುಬುಗಳನ್ನೂ ಹತ್ತಿರದಿಂದ ನೋಡಲು ಹೇಳಿ.

ಬೀದರಿನ ಪಶುವೈದ್ಯ

ಕನ್ನಡದ ಹೆಸರಿನ ಪ್ರಶ್ನೆ ಉಳಿದುಹೋಯಿತು. 1866ರಲ್ಲಿ ಜರ್ಮನಿಯ ಜೀವವಿಜ್ಞಾನಿ ಹೆಕೆಲ್ ಈ ಗುಂಪಿಗೆ ಹೆಸರಿಟ್ಟಾಗ ಆ ಒಂದು ಪೊರೆಯನ್ನೇ ಆಧಾರವಾಗಿ ಹಿಡಿದರು. ಸಂಸ್ಕೃತದಲ್ಲಿ ಅದಕ್ಕೆ ಉಲ್ಬ ಎಂಬ ಹಳೆಯ ಮಾತಿದೆ. ಉಲ್ಬಧಾರಿ ಎನ್ನಬಹುದು, ಆದರೆ ಅದನ್ನೂ ಮತ್ತೆ ಬಿಡಿಸಿ ಹೇಳಬೇಕಾಗುತ್ತದೆ. ಬಾಣಂತನ ಮಾಡಿದ ಪ್ರತಿ ಅಜ್ಜಿಗೂ ಉಮ್ಮನೀರು ಗೊತ್ತು. ಉಮ್ಮನೀರಿನ ಪ್ರಾಣಿಗಳು ಎಂದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಶಹಾಪುರದ ಶಿಕ್ಷಕಿ

ಆ ಮಾತನ್ನೇ ಬಳಸುತ್ತೇನೆ, ಆಮ್ನಿಯೋಟ್ ಎಂಬುದನ್ನೂ ಪಕ್ಕದಲ್ಲಿ ಬರೆಯುತ್ತೇನೆ. ಮುಂದೆ ಓದುವಾಗ ಅವರಿಗೆ ಅದೂ ಬೇಕಾಗುತ್ತದೆ. ಹುಮನಾಬಾದಿನವರು ಹೇಳಿದಂತೆ ದೀಪದ ಮುಂದೆ ತತ್ತಿ ಹಿಡಿದು ತೋರಿಸುವ ಆಸೆಯಿದೆ. ಅಂಗಡಿಯ ತತ್ತಿ ನಡೆಯುತ್ತದೆಯೇ?

ಹುಮನಾಬಾದಿನ ಕೋಳಿ ಸಾಕಣೆದಾರ

ನಡೆಯುವುದಿಲ್ಲ. ಅಂಗಡಿಗೆ ಬರುವ ಫಾರಂ ತತ್ತಿಗಳನ್ನು ಹುಂಜದ ಜೊತೆಯಿಲ್ಲದ ಕೋಳಿಗಳು ಇಟ್ಟಿರುತ್ತವೆ, ಅವುಗಳಲ್ಲಿ ಭ್ರೂಣ ಮೂಡುವುದೇ ಇಲ್ಲ. ಊರಿನಲ್ಲಿ ಹುಂಜವಿರುವ ಮನೆಯಿಂದ, ಇಟ್ಟು ಒಂದು ವಾರ ದಾಟದ ನಾಟಿ ತತ್ತಿಗಳನ್ನು ತರಿಸಿ, ಕಾವು ಕೂತ ಕೋಳಿಯ ಕೆಳಗಿಡಿ. ಐದನೆಯ ದಿನ ಸಂಜೆ ಒಂದೊಂದನ್ನೇ ತೆಗೆದು, ನೋಡಿ, ಬಿಸಿ ಆರುವ ಮೊದಲು ಹಿಂದಿರುಗಿಸಿದರೆ ಮರಿಗೆ ತೊಂದರೆಯಿಲ್ಲ. ಎಲ್ಲ ಮಕ್ಕಳನ್ನೂ ಒಮ್ಮೆಲೇ ಒಳಗೆ ಬಿಡಬೇಡಿ. ಕೋಳಿ ಎದ್ದು ಹೋದರೆ ಮತ್ತೆ ಕೂರುವುದು ಅದರ ಇಷ್ಟ.